ಹಿಂದಿನ ಆಸನದ ಡಾಕ್ಟರ್

ಔರಾದ್ ತಾಲ್ಲೂಕಿನ ಎಕಂಬಾದಲ್ಲಿ ಬೆಳೆದ ನಮಗೆ ವಿಮಾನ ಕಥೆಪುಸ್ತಕದ ಸಂಗತಿಯಾಗಿರಲಿಲ್ಲ. ಬೀದರ್ ವಾಯುಪಡೆ ನೆಲೆಯಿಂದ ಎದ್ದ ತರಬೇತಿ ವಿಮಾನಗಳು ನಮ್ಮ ತೊಗರಿ, ಉದ್ದು, ಹೆಸರಿನ ಹೊಲಗಳ ಮೇಲೆ ಹಾದುಹೋಗುತ್ತಿದ್ದವು. ಮೊದಮೊದಲು ಬೆದರಿ ಓಡುತ್ತಿದ್ದ ಕರುಗಳು ವರ್ಷ ತುಂಬುವ ಹೊತ್ತಿಗೆ ಆ ಸದ್ದಿಗೆ ಒಗ್ಗಿಕೊಳ್ಳುತ್ತಿದ್ದವು. ದೊಡ್ಡ ದೇವಣಿ ಎತ್ತುಗಳಂತೂ ತಲೆ ಎತ್ತಿಯೂ ನೋಡುತ್ತಿರಲಿಲ್ಲ. ಮಹಾರಾಷ್ಟ್ರದ ಗಡಿಗೆ ಹೊಂದಿಕೊಂಡ ನಮ್ಮ ಭಾಗದಲ್ಲಿ ಜನ ಕನ್ನಡದಲ್ಲಿ ಮಾತು ಶುರುಮಾಡಿ, ಮರಾಠಿಯಲ್ಲಿ ಮುಂದುವರಿಸಿ, ಉರ್ದುವಿನಲ್ಲಿ ಮುಗಿಸುತ್ತಾರೆ. ಆ ಮೂರೂ ಭಾಷೆಗಳಲ್ಲಿ ನಾವು ಹುಡುಗರು ವಿಮಾನದ ಬಗ್ಗೆ ವಾದ ಮಾಡುತ್ತಿದ್ದೆವು. ಒಳಗೆ ಕೂತವನಿಗೆ ನಾವು ಕಾಣುತ್ತೇವೋ ಇಲ್ಲವೋ, ತಲೆಕೆಳಗಾದಾಗ ಅವನು ಯಾಕೆ ಬೀಳುವುದಿಲ್ಲ, ಅಷ್ಟು ಗಿರಗಿರ ತಿರುಗಿದರೆ ಅವನಿಗೆ ಹೊಟ್ಟೆ ತೊಳಸುವುದಿಲ್ಲವೇ? ಆ ಮೂರನೆಯ ಪ್ರಶ್ನೆಗೆ ಉತ್ತರ ಹುಡುಕುವುದೇ ಮುಂದೆ ನನ್ನ ನೌಕರಿಯಾಯಿತು.

ಕಲಬುರಗಿಯಲ್ಲಿ ಎಂಬಿಬಿಎಸ್ ಮುಗಿಸಿ, ಸಶಸ್ತ್ರ ಪಡೆಗಳ ವೈದ್ಯಕೀಯ ಸೇವೆಗೆ ಶಾರ್ಟ್ ಸರ್ವಿಸ್ ಕಮಿಷನ್ ಮೂಲಕ ಸೇರಿದೆ. ಲಖನೌದ ಸೇನಾ ವೈದ್ಯಕೀಯ ದಳದ (ಎಎಂಸಿ) ಕೇಂದ್ರದಲ್ಲಿ ಪರೇಡು, ಬಂದೂಕು, ರಣರಂಗದ ವೈದ್ಯಕೀಯ ಎಲ್ಲ ಕಲಿತ ಮೇಲೆ ವಾಯುಪಡೆ ನನ್ನ ಪಾಲಿಗೆ ಬಂತು. ರಜೆಗೆ ಊರಿಗೆ ಬಂದಾಗ ಅಪ್ಪ ಕೇಳಿದ್ದು ಒಂದೇ ಮಾತು.

“ನೀ ಡಾಕ್ಟರ್ ಇದ್ದಿ. ಬ್ಯಾನಿ ಇದ್ದವ್ರು ನಿನ್ನ ಬಲ್ಲಿ ಬರ್ತಾರ. ನೀ ಯಾಕ ವಿಮಾನ ಹತ್ತಬೇಕು?”

ಆಗ ನನ್ನಲ್ಲಿ ಸರಿಯಾದ ಉತ್ತರ ಇರಲಿಲ್ಲ. ಅದನ್ನು ನನಗೆ ಕಲಿಸಿದ್ದು ಮೊದಲು ಬೆಂಗಳೂರು, ಆಮೇಲೆ ಈಶಾನ್ಯದ ಬೆಟ್ಟಗಳು, ಕೊನೆಗೆ ನಮ್ಮದೇ ಬೀದರ್.

ಬೆಂಗಳೂರಿನ ಹಳೇ ವಿಮಾನ ನಿಲ್ದಾಣ ರಸ್ತೆಯಲ್ಲಿ, ವಿಮಾನಪುರದ ಹತ್ತಿರ, ಏರೋಸ್ಪೇಸ್ ವೈದ್ಯಕೀಯ ಸಂಸ್ಥೆ ಇದೆ. 1957ರಲ್ಲಿ ಸಣ್ಣ ಶಾಲೆಯಾಗಿ ಶುರುವಾದದ್ದು. ವಾಯುಪಡೆಯ ವೈದ್ಯರಿಗೆ ಹಾರಾಟದ ವೈದ್ಯಕೀಯ ಕಲಿಸುವ ಜಾಗ ಅದು. ವಾಯುಪಡೆಯ ಚಾಲಕರು ಅಲ್ಲಿಗೆ ತರಬೇತಿಗೂ ತಪಾಸಣೆಗೂ ಬರುತ್ತಾರೆ. 1984ರಲ್ಲಿ ಬಾಹ್ಯಾಕಾಶಕ್ಕೆ ಹೋದ ರಾಕೇಶ್ ಶರ್ಮಾ ಮತ್ತು ಅವರ ಜೊತೆ ಆಯ್ಕೆಯಾದ ರವೀಶ್ ಮಲ್ಹೋತ್ರಾ ಅವರ ಪರೀಕ್ಷೆ ನಡೆದದ್ದು ಅಲ್ಲೇ. ನಮ್ಮ ಮಾನವಸಹಿತ ಬಾಹ್ಯಾಕಾಶ ಯೋಜನೆಯಾದ ಗಗನಯಾನಕ್ಕೆ ಆಯ್ಕೆಯಾದ ನಾಲ್ವರು ವಾಯುಪಡೆ ಚಾಲಕರ ದೇಹವನ್ನು ಜಾಲಾಡಿ ನೋಡಿದ್ದೂ ಅಲ್ಲೇ. ಅವರಲ್ಲೊಬ್ಬರಾದ ಶುಭಾಂಶು ಶುಕ್ಲಾ 2025ರ ಜೂನ್‌ನಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದರು.

ಅಲ್ಲಿ ಮೊದಲ ದಿನವೇ ನಮ್ಮ ತಲೆಯಲ್ಲಿ ಕೂರಿಸಿದ ತತ್ವ ಸರಳವಾದದ್ದು. ಆಸ್ಪತ್ರೆಯಲ್ಲಿ ಸುತ್ತಲಿನ ಗಾಳಿ, ನೆಲ, ಒತ್ತಡ ಎಲ್ಲ ಸರಿ ಇರುತ್ತದೆ, ದೇಹ ಕೆಟ್ಟಿರುತ್ತದೆ. ಹಾರಾಟದಲ್ಲಿ ದೇಹ ಗಟ್ಟಿಮುಟ್ಟಾಗಿರುತ್ತದೆ, ಸುತ್ತಲಿನ ಲೋಕವೇ ಮನುಷ್ಯನಿಗೆ ಒಗ್ಗದ್ದು. ಹಾಗಾಗಿ ವೈದ್ಯ ಆ ಲೋಕವನ್ನು ಪುಸ್ತಕದಲ್ಲಿ ಓದಿದರೆ ಸಾಲದು, ತನ್ನ ಮೈಮೇಲೆ ತೆಗೆದುಕೊಂಡು ನೋಡಬೇಕು.

ಮೈಮೇಲೆ ತೆಗೆದುಕೊಂಡ ಮೊದಲ ಪಾಠ ಒತ್ತಡ ಇಳಿಸುವ ಕೋಣೆಯದು. ಉಕ್ಕಿನ ದಪ್ಪ ಗೋಡೆ, ದುಂಡಗಿನ ಕಿಟಕಿ, ಎರಡು ಸಾಲು ಬೆಂಚು. ರಕ್ತದಲ್ಲಿನ ಸಾರಜನಕ ಗುಳ್ಳೆಯಾಗಿ ಕೀಲು ಹಿಡಿಯದಿರಲಿ ಎಂದು ಮೊದಲು ಅರ್ಧ ಗಂಟೆ ಶುದ್ಧ ಆಮ್ಲಜನಕ ಉಸಿರಾಡಿಸಿದರು. ಮೇಲೆ ಗಂಟು ಹಾಕಿದ ರಬ್ಬರ್ ಗ್ಲೌಸೊಂದು ಜೋತುಬಿದ್ದಿತ್ತು. ಪಂಪು ಗಾಳಿ ಎಳೆಯುತ್ತ ಹೋದಂತೆ ಆ ಗ್ಲೌಸಿನ ಬೆರಳುಗಳು ಒಂದೊಂದಾಗಿ ನೆಟ್ಟಗಾದವು. 18,000 ಅಡಿ ಎತ್ತರದಲ್ಲಿ ಗಾಳಿಯ ಒತ್ತಡ ನೆಲಮಟ್ಟದ ಅರ್ಧದಷ್ಟು. ಅಂದರೆ ಮುಚ್ಚಿಟ್ಟ ಗಾಳಿ ಎರಡರಷ್ಟು ಹಿಗ್ಗುತ್ತದೆ. ಗ್ಲೌಸಿನಲ್ಲಿ ಆದದ್ದು ನಮ್ಮ ಕರುಳಿನಲ್ಲೂ ಆಗುತ್ತಿತ್ತು. ಹಾರುವ ಹಿಂದಿನ ರಾತ್ರಿ ಕಡಲೆ, ರಾಜ್ಮಾ ತಿನ್ನಬೇಡಿ ಎಂದು ಚಾಲಕರಿಗೆ ಯಾಕೆ ಹೇಳುತ್ತೇವೆ ಎನ್ನುವುದಕ್ಕೆ ಇದಕ್ಕಿಂತ ಬೇರೆ ವಿವರಣೆ ಬೇಕಾಗಲಿಲ್ಲ. ಬೇಳೆ ಬೆಳೆಯುವ ಸೀಮೆಯಿಂದ ಬಂದ ನನಗಂತೂ ಆ ಪಾಠ ಬೇಗ ನಾಟಿತು.

ಕೋಣೆ 25,000 ಅಡಿಗೆ ಸಮನಾದಾಗ ಮಾಸ್ಕ್ ತೆಗೆಯಲು ಹೇಳಿ, ಕೈಗೆ ಹಲಗೆ ಕೊಟ್ಟು, ನೂರರಿಂದ ಏಳೇಳು ಕಳೆಯುತ್ತ ಬರೆಯಲು ಹೇಳಿದರು. ಆ ಎತ್ತರದಲ್ಲಿ ಆಮ್ಲಜನಕವಿಲ್ಲದೆ ಮನುಷ್ಯ ಬುದ್ಧಿ ನೆಟ್ಟಗಿಟ್ಟುಕೊಂಡು ಕೆಲಸ ಮಾಡಬಲ್ಲ ಅವಧಿ ಮೂರರಿಂದ ಐದು ನಿಮಿಷ. 30,000 ಅಡಿಯಲ್ಲಿ ಅದು ಒಂದೆರಡು ನಿಮಿಷಕ್ಕೆ, 40,000ದಲ್ಲಿ ಹದಿನೈದಿಪ್ಪತ್ತು ಸೆಕೆಂಡಿಗೆ ಇಳಿಯುತ್ತದೆ. ನನಗೆ ಮೊದಲು ಬೆರಳ ತುದಿ ಜುಮುಗುಟ್ಟಿತು. ಆಮೇಲೆ ಕೆನ್ನೆ ಬೆಚ್ಚಗಾಗಿ, ಮನಸ್ಸಿಗೆ ಕಾರಣವಿಲ್ಲದ ಹಿಗ್ಗು ಬಂತು. ಎದುರಿಗೆ ಕೂತಿದ್ದ ಸಹಪಾಠಿಯ ಉಗುರುಗಳು ನೀಲಿಯಾಗಿದ್ದವು, ಆದರೂ ಆತ ನಗುತ್ತ ಬರೆಯುತ್ತಲೇ ಇದ್ದ. ಮಾಸ್ಕ್ ಹಾಕಿ ಎಂದು ಬೋಧಕರು ಆತನ ಹೆಸರು ಹಿಡಿದು ಕೂಗಿದರೂ ಕೈ ಅಲ್ಲಾಡಲಿಲ್ಲ. ಪಕ್ಕದಲ್ಲಿದ್ದ ಸಹಾಯಕರೇ ಹಾಕಬೇಕಾಯಿತು. ಹೊರಗೆ ಬಂದು ಹಲಗೆ ನೋಡಿದಾಗ ಆರಂಭದ ಅಂಕಿಗಳು ಸರಿಯಿದ್ದವು, ಕೆಳಗಿನವು ಗೀಚು ಮಾತ್ರ.

1875ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ಮೂವರು ‘ಝೆನಿತ್’ ಎಂಬ ಬಲೂನಿನಲ್ಲಿ 8,000 ಮೀಟರ್ ದಾಟಿ ಏರಿದ್ದರು. ಆಮ್ಲಜನಕದ ಚೀಲ ಪಕ್ಕದಲ್ಲೇ ಇದ್ದರೂ ಅದನ್ನು ಬಾಯಿಗೆ ತೆಗೆದುಕೊಳ್ಳಲಾಗದೆ ಇಬ್ಬರು ಸತ್ತರು. ಬದುಕುಳಿದ ಗಾಸ್ಟನ್ ತಿಸ್ಸಾಂದಿಯೆ ಕೂಡ ಆ ಹೊತ್ತಿನಲ್ಲಿ ತನಗಾದ ಸಂತೋಷದ ಬಗ್ಗೆಯೇ ಬರೆದಿಟ್ಟ. ಆಮ್ಲಜನಕದ ಕೊರತೆ ನೋವು ಕೊಡುವುದಿಲ್ಲ, ಸುಖ ಕೊಟ್ಟು ಕೊಲ್ಲುತ್ತದೆ ಎನ್ನುವುದನ್ನು ಓದಿದ್ದೆ. ಆ ಕೋಣೆಯಲ್ಲಿ ಅದನ್ನು ನಂಬಿದೆ. ಲಕ್ಷಣಗಳು ಒಬ್ಬೊಬ್ಬರಿಗೆ ಒಂದೊಂದು ಕ್ರಮದಲ್ಲಿ ಬರುತ್ತವೆ, ತನ್ನ ಕ್ರಮ ಯಾವುದೆಂದು ಚಾಲಕ ತಿಳಿದಿರಬೇಕು. ನನ್ನದು ಬೆರಳಿನಿಂದ ಶುರುವಾಗುತ್ತದೆ ಎಂದು ನನಗೆ ಇವತ್ತಿಗೂ ಗೊತ್ತು.

ಎರಡನೆಯದು ಸೆಂಟ್ರಿಫ್ಯೂಜ್. ಉದ್ದನೆಯ ತೋಳಿನ ತುದಿಗೆ ಒಂದು ಕ್ಯಾಬಿನ್. ತೋಳು ತಿರುಗಿದಷ್ಟೂ ಒಳಗೆ ಕೂತವನ ಭಾರ ಹೆಚ್ಚುತ್ತದೆ. 4 ಜಿ, ಅಂದರೆ ನೆಲದ ಮೇಲಿನ ಭಾರದ ನಾಲ್ಕರಷ್ಟಾದಾಗ, 70 ಕಿಲೋ ಮನುಷ್ಯ 280 ಕಿಲೋ ತೂಗುತ್ತಾನೆ. ತೊಡೆಯ ಮೇಲಿದ್ದ ಕೈ ಎತ್ತಲು ನಾನು ಪಟ್ಟ ಪಾಡು ನೆನಪಿದೆ. ರಕ್ತ ಕಾಲಿಗಿಳಿಯುತ್ತದೆ, ಕಣ್ಣಿಗೆ ಮೊದಲು ಕೊರತೆ ಬೀಳುತ್ತದೆ. ಎದುರಿನ ಹಸಿರು ದೀಪದ ಬಣ್ಣ ಹೋಯಿತು, ಆಮೇಲೆ ಅಂಚಿನಿಂದ ಕತ್ತಲು ಕವಿಯುತ್ತ ಬಂದು ನಡುವೆ ಒಂದು ತೂತು ಉಳಿಯಿತು. ಸುಮ್ಮನೆ ಸಡಿಲಾಗಿ ಕೂತರೆ ನಾಲ್ಕೈದು ಜಿಗೆ ದೃಷ್ಟಿ ಪೂರ್ತಿ ಹೋಗುತ್ತದೆ. ಆಂಟಿ-ಜಿ ಸೂಟ್ ಕಾಲು, ಹೊಟ್ಟೆ ಅವುಚಿ ಹಿಡಿದು ಒಂದು, ಒಂದೂವರೆ ಜಿಯಷ್ಟು ಬಲ ಕೊಡುತ್ತದೆ. ಉಳಿದದ್ದನ್ನು ಚಾಲಕ ತೊಡೆ, ಪೃಷ್ಠ, ಹೊಟ್ಟೆ ಬಿಗಿಹಿಡಿದು, ಮೂರು ಸೆಕೆಂಡಿಗೊಮ್ಮೆ ಚುಟುಕಾಗಿ ಉಸಿರು ಬದಲಿಸುತ್ತ ಸ್ವಂತ ಬಲದಿಂದ ಗಳಿಸಬೇಕು. ಅದು ತಪ್ಪಿ ಪ್ರಜ್ಞೆ ಹೋದರೆ ಸುಮಾರು ಹನ್ನೆರಡು ಸೆಕೆಂಡು ಪೂರ್ತಿ ಕತ್ತಲು, ಎಚ್ಚರವಾದ ಮೇಲೂ ಅಷ್ಟೇ ಹೊತ್ತು ಗೊಂದಲ. ಗಂಟೆಗೆ 800 ಕಿಲೋಮೀಟರ್ ಓಡುವ ವಿಮಾನ ಮೊದಲ ಹನ್ನೆರಡು ಸೆಕೆಂಡಿನಲ್ಲಿ ಎರಡೂವರೆ ಕಿಲೋಮೀಟರಿಗಿಂತ ಹೆಚ್ಚು ದೂರ ಹೋಗಿರುತ್ತದೆ.

ವೈದ್ಯ ತನ್ನ ದೇಹವನ್ನೇ ಉಪಕರಣ ಮಾಡಿಕೊಳ್ಳುವ ಈ ಪರಂಪರೆಗೆ ದೊಡ್ಡ ಹೆಸರು ಜಾನ್ ಪಾಲ್ ಸ್ಟಾಪ್. ಅಮೆರಿಕ ವಾಯುಪಡೆಯ ಈ ಫ್ಲೈಟ್ ಸರ್ಜನ್ (ಹಾರಾಟದ ವೈದ್ಯ) 1954ರ ಡಿಸೆಂಬರ್ 10ರಂದು ರಾಕೆಟ್ ಕಟ್ಟಿದ ಜಾರುಬಂಡಿಯಲ್ಲಿ ತಾನೇ ಕೂತು, ಗಂಟೆಗೆ 632 ಮೈಲಿ ವೇಗದಿಂದ ಒಮ್ಮೆಲೇ ನಿಂತು, 46 ಜಿಗಿಂತ ಹೆಚ್ಚು ತಾಳಿದರು. ಕಣ್ಣಿನಲ್ಲಿ ರಕ್ತ ಒಸರಿ ಕೆಲಹೊತ್ತು ದೃಷ್ಟಿ ಹೋಗಿತ್ತು. ಆಸನದ ಬೆಲ್ಟು ಮನುಷ್ಯನನ್ನು ಎಷ್ಟರಮಟ್ಟಿಗೆ ಕಾಪಾಡಬಲ್ಲದು ಎನ್ನುವ ತಿಳಿವಳಿಕೆ ಅಲ್ಲಿಂದ ಬೆಳೆಯಿತು. ಇವತ್ತು ಕಾರಿನಲ್ಲಿ ಬೆಲ್ಟು ಕಟ್ಟುವ ನಾವೆಲ್ಲ ಅವರಿಗೆ ಋಣಿಗಳು.

ಮೊದಲ ಪೋಸ್ಟಿಂಗ್ ಈಶಾನ್ಯದ ಒಂದು ಹೆಲಿಕಾಪ್ಟರ್ ಘಟಕಕ್ಕೆ. ಅಲ್ಲಿ ಹಾರಾಟ ನನಗೆ ಯಾರೋ ಕೊಡಮಾಡುವ ಅವಕಾಶವಾಗಿರಲಿಲ್ಲ, ಕೆಲಸವೇ ಅದಾಗಿತ್ತು. ಬೆಟ್ಟದ ಮೇಲಿನ ಠಾಣೆಗಳಿಂದ ಗಾಯಾಳುಗಳನ್ನು ಎಂಐ-17ರಲ್ಲಿ ತರಬೇಕು. ಮೊದಲ ಸಲ ಸ್ಟ್ರೆಚರ್ ಪಕ್ಕ ಮಂಡಿಯೂರಿ ಸ್ಟೆತಸ್ಕೋಪ್ ಕಿವಿಗೆ ಹಾಕಿದಾಗಲೇ ಗೊತ್ತಾಯಿತು, ಅಷ್ಟು ವರ್ಷ ನಂಬಿದ ಸಾಧನ ಅಲ್ಲಿ ನಿರುಪಯೋಗಿ. ರೋಟರಿನ ಸದ್ದಿನಲ್ಲಿ ಎದೆಬಡಿತವೂ ಇಲ್ಲ, ಉಸಿರೂ ಇಲ್ಲ. ಎದೆ ಏರಿಳಿಯುವುದನ್ನು ಕಣ್ಣಿನಿಂದ ನೋಡಬೇಕು, ನಾಡಿಯನ್ನು ಬೆರಳಿನಿಂದ ಹುಡುಕಬೇಕು, ತುಟಿಯ ಬಣ್ಣ ನೋಡುತ್ತಿರಬೇಕು. ಉಸಿರುಕೊಳವೆಯ ತುದಿಯ ಸಣ್ಣ ಬಲೂನಿಗೆ ಗಾಳಿಯ ಬದಲು ಸಲೈನ್ ತುಂಬಬೇಕು, ಇಲ್ಲದಿದ್ದರೆ ಮೇಲೆ ಹೋದಂತೆ ಅದು ಹಿಗ್ಗಿ ಶ್ವಾಸನಾಳವನ್ನೇ ಒತ್ತುತ್ತದೆ.

ಒಂದು ಮಧ್ಯಾಹ್ನ ಇಳಿಜಾರಿನಲ್ಲಿ ಉರುಳಿ ಎದೆಗೆ ಪೆಟ್ಟಾದ ಜವಾನನನ್ನು ಹೇರಿಕೊಂಡೆವು. ಪಕ್ಕೆಲುಬು ಮುರಿದು ಶ್ವಾಸಕೋಶದ ಹೊರಗೆ ಗಾಳಿ ಸೇರಿತ್ತು. ಠಾಣೆಯಲ್ಲೇ ನಳಿಕೆ ಹಾಕಿ ಗಾಳಿ ಹೊರಬಿಟ್ಟಿದ್ದೆವು, ಆದರೂ ಎತ್ತರ ಹೆಚ್ಚಿದರೆ ಉಳಿದ ಗಾಳಿ ಹಿಗ್ಗುವ ಭಯ ಇದ್ದೇ ಇತ್ತು. ದಾರಿಗೆ ಅಡ್ಡ ಒಂದು ದೊಡ್ಡ ಸಾಲುಬೆಟ್ಟ. ಅದನ್ನು ನೇರ ದಾಟಿದರೆ ಬೇಗ ತಲುಪುತ್ತೇವೆ, ಆದರೆ ತುಂಬ ಮೇಲೇರಬೇಕು. ಕಣಿವೆ ಹಿಡಿದು ಸುತ್ತಿ ಹೋದರೆ ತಡ, ಆದರೆ ತಗ್ಗಿನಲ್ಲೇ ಹೋಗಬಹುದು. ಆ ಕಣಿವೆಯಲ್ಲಿ ಮಧ್ಯಾಹ್ನದ ಮೇಲೆ ಮೋಡ ತುಂಬುತ್ತದೆ ಎಂದು ಹಿಂದಿನ ಹಾರಾಟಗಳಲ್ಲಿ ಚಾಲಕರ ಬೆನ್ನ ಹಿಂದೆ ನಿಂತು ನೋಡಿದ್ದ ನನಗೆ ಗೊತ್ತಿತ್ತು. ಹೆಡ್‌ಸೆಟ್ಟಿನಲ್ಲಿ ಕೇಳಿದೆ: “ಸರ್, ಕಣಿವೆ ಇನ್ನೂ ತೆರೆದಿದೆಯೇ? ತಗ್ಗಿನಲ್ಲಿ ಹೋದರೆ ಇವನಿಗೆ ಒಳ್ಳೆಯದು.” ಕ್ಯಾಪ್ಟನ್ ಒಂದು ಕ್ಷಣ ಮುಂದೆ ನೋಡಿ, “ತೆರೆದಿದೆ ಡಾಕ್. ಇಳಿಸುತ್ತೇನೆ” ಎಂದರು. ಜವಾನ ಉಳಿದ. ಹಾರಾಟ ಗೊತ್ತಿಲ್ಲದ ವೈದ್ಯ ‘ಬೇಗ ಹೋಗಿ’ ಎನ್ನುತ್ತಿದ್ದ. ಅದೂ ತಪ್ಪಲ್ಲ, ಆದರೆ ಸಾಲದು. ಅಪ್ಪನ ಪ್ರಶ್ನೆಗೆ ಅವತ್ತು ಅರ್ಧ ಉತ್ತರ ಸಿಕ್ಕಿತು.

ಉಳಿದರ್ಧ ಬೀದರಿನಲ್ಲಿ ಸಿಕ್ಕಿತು. ಊರಿನ ನೆಲೆಗೇ ಬಂದದ್ದು ನನ್ನ ಪುಣ್ಯ. 2008ರ ಫೆಬ್ರವರಿ 23ರಂದು ಹಾಕ್ ಜೆಟ್ ತರಬೇತಿ ವಿಮಾನ ವಾಯುಪಡೆಗೆ ಸೇರಿದ್ದು ಬೀದರಿನಲ್ಲೇ. ಫೈಟರ್ ವಿಮಾನಕ್ಕೆ ಹೋಗಬೇಕಾದ ಕಿರಿಯ ಅಧಿಕಾರಿಗಳು ಕೊನೆಯ ಹಂತದ ತರಬೇತಿಗೆ ಇಲ್ಲಿ ಬರುತ್ತಾರೆ. ದೇಶದ ಮೊದಲ ಮಹಿಳಾ ಫೈಟರ್ ಚಾಲಕಿಯರಾದ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ಮೂವರೂ ಹಾಕ್ ಕಲಿತದ್ದು ನಮ್ಮ ಬೀದರಿನ ಆಕಾಶದಲ್ಲಿ. 1996ರಲ್ಲಿ ಹುಟ್ಟಿದ, ಆಕಾಶದಲ್ಲಿ ಕಸರತ್ತು ತೋರಿಸುವ ವಾಯುಪಡೆಯ ಸೂರ್ಯಕಿರಣ್ ತಂಡದ ಮನೆಯೂ ಬೀದರೇ.

ಬೆಳಗಿನ ಜಾವ, ಇನ್ನೂ ಕತ್ತಲಿರುವಾಗಲೇ ನಮ್ಮ ಕೆಲಸ ಶುರು. ಹಾರುವವರು ಒಬ್ಬೊಬ್ಬರೇ ಬಂದು ನಾಡಿ, ಬಿಪಿ ಕೊಟ್ಟು, ಉಸಿರು ಪರೀಕ್ಷೆ ಮಾಡಿಸಿಕೊಂಡು, ಸಹಿ ಹಾಕಿ ಹೋಗುತ್ತಾರೆ. ಉಪವಾಸ ಹಾರುವಂತಿಲ್ಲ; ಹೊಟ್ಟೆ ಖಾಲಿ ಇದ್ದರೆ ಜಿ ತಾಳುವ ಶಕ್ತಿ ಕುಗ್ಗುತ್ತದೆ. ಹಾರಾಟಕ್ಕೆ ದೊಡ್ಡ ಶತ್ರು ಹೃದಯರೋಗವೋ ಮತ್ತೊಂದೋ ಅಲ್ಲ, ಸಾದಾ ನೆಗಡಿ. ಮೂಗು ಕಟ್ಟಿದ್ದರೆ ವಿಮಾನ ಇಳಿಯುವಾಗ ಕಿವಿಯ ಒಳಗಿನ ಒತ್ತಡ ಸಮವಾಗುವುದಿಲ್ಲ. ಕಿವಿಯ ಪರದೆ ಹರಿಯಬಹುದು, ಹಣೆಯ ಒಳಗೆ ಚಾಕು ತಿರುವಿದಂಥ ನೋವು ಬರಬಹುದು. ಅಂಗಡಿಯಿಂದ ತಂದು ನುಂಗಿದ ನೆಗಡಿ ಮಾತ್ರೆಯೋ ತೂಕಡಿಕೆ ತರುತ್ತದೆ. ಇದೆಲ್ಲ ಹುಡುಗರಿಗೆ ಗೊತ್ತು. ಆದರೂ ಮುಚ್ಚಿಡುತ್ತಾರೆ.

ಯಾಕೆ ಮುಚ್ಚಿಡುತ್ತಾರೆ ಎನ್ನುವುದು ನನಗೆ ಈ ನೌಕರಿಯ ಮುಖ್ಯ ಪ್ರಶ್ನೆ. ಬೇರೆ ರೋಗಿ ಡಾಕ್ಟರ ಹತ್ತಿರ ಬರುವುದು ಏನಾದರೂ ಸಿಗುತ್ತದೆ ಎಂದು. ಚಾಲಕ ಬಂದರೆ ಏನಾದರೂ ಕಳೆದುಕೊಳ್ಳುತ್ತಾನೆ. ಒಂದು ಮಾತು ಹೆಚ್ಚು ಹೇಳಿದರೆ ಇವತ್ತಿನ ಸಾರ್ಟಿ, ಅಂದರೆ ಹಾರಾಟದ ಸರದಿ, ಹೋಯಿತು. ಇನ್ನೊಂದು ಹೇಳಿದರೆ ವೈದ್ಯಕೀಯ ಕ್ಯಾಟಗರಿ ಇಳಿಯಿತು, ಬೆಂಗಳೂರಿಗೆ ತಪಾಸಣೆಗೆ ಓಡಾಟ, ಕೋರ್ಸಿನಲ್ಲಿ ಹಿಂದೆ ಬೀಳುವುದು, ಕೆಲವೊಮ್ಮೆ ಫೈಟರ್ ಕನಸೇ ಮುಗಿಯುವುದು. ಹೀಗಾಗಿ ಮೇಜಿನ ಹಿಂದೆ ಕೂತ ವೈದ್ಯ ಅವರ ಕಣ್ಣಿಗೆ ಬಾಗಿಲಿಗೆ ಬೀಗ ಹಾಕುವವನು.

ನಾನು ಬಂದ ಹೊಸದರಲ್ಲಿ ನನಗೂ ಸಿಗುತ್ತಿದ್ದದ್ದು ಒಂದೇ ಉತ್ತರ, “ಫಿಟ್ ಸರ್”. ಅದು ಬದಲಾದದ್ದು ನಾನು ಅವರ ಜೊತೆ ಹಾರತೊಡಗಿದ ಮೇಲೆ. ಮೊದಲು ಸೂರ್ಯಕಿರಣ್ ತಂಡ ಆಗ ಬಳಸುತ್ತಿದ್ದ ಕಿರಣ್ ವಿಮಾನದಲ್ಲಿ, ಉಳಿದ ತಂಡವಿಲ್ಲದೆ ಒಂದೇ ವಿಮಾನ ಹೋಗುವ ಹಾರಾಟವೊಂದಕ್ಕೆ ಅವಕಾಶ ಸಿಕ್ಕಿತು. ಎಚ್‌ಎಎಲ್‌ನಲ್ಲಿ ವಿ.ಎಂ. ಘಾಟಗೆ ಅವರ ಮುಂದಾಳತ್ವದಲ್ಲಿ ರೂಪುಗೊಂಡು 1964ರಲ್ಲಿ ಮೊದಲು ಹಾರಿದ ಕಿರಣ್‌ನಲ್ಲಿ ಆಸನಗಳು ಅಕ್ಕಪಕ್ಕ ಇವೆ. ವೈದ್ಯನಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಚಾಲಕನ ಕುತ್ತಿಗೆಯ ನರ ಬಿಗಿಯುವುದು, ಉಸಿರು ಹಿಡಿಯುವುದು, ಕಣ್ಣು ಮಾಪಕದಿಂದ ಮಾಪಕಕ್ಕೆ ಓಡುವುದು ಎಲ್ಲ ಒಂದು ಮೊಳದ ದೂರದಲ್ಲಿ ಕಾಣುತ್ತದೆ. ಕೆಳಗೆ ಮಾಂಜ್ರಾ ನದಿಯ ಬಾಗು ಕಂಡಿತು, ಭಾಲ್ಕಿಯ ಕಡೆಯ ಕಪ್ಪು ಹೊಲಗಳು ಕಂಡವು.

ಆಮೇಲೆ ಹಾಕ್. ಅದರಲ್ಲಿ ಕೂರುವ ಮೊದಲು ವೈದ್ಯನನ್ನೂ ಅಳೆಯುತ್ತಾರೆ, ತುರ್ತಿನಲ್ಲಿ ಹೊರಚಿಮ್ಮುವ ಇಜೆಕ್ಷನ್ ಸೀಟಿನ ಕಸರತ್ತು ಮಾಡಿಸುತ್ತಾರೆ. ನಮ್ಮ ಊರಿನ ಎಷ್ಟೋ ಹುಡುಗರು ಚಾಲಕರಾಗಲು ಹೋಗಿ ಟೇಪಿನ ಲೆಕ್ಕಕ್ಕೆ ಸಿಗದೆ ಬೇಸರದಿಂದ ಬಂದದ್ದುಂಟು. ಎತ್ತರ ಕನಿಷ್ಠ 162.5 ಸೆಂಟಿಮೀಟರ್, ಕುಳಿತಾಗಿನ ಎತ್ತರ 81.5ರಿಂದ 96, ಕಾಲಿನ ಉದ್ದ 99ರಿಂದ 120, ತೊಡೆಯ ಉದ್ದ 64 ಮೀರಬಾರದು. ಕಾಕ್‌ಪಿಟ್‌ನಲ್ಲಿ ಕೂತಾಗ ಇದರ ಕಾರಣ ನನ್ನ ಮಂಡಿಗೇ ತಿಳಿಯಿತು. ತೊಡೆ ಉದ್ದವಿದ್ದರೆ ಸೀಟು ಮೇಲಕ್ಕೆ ಚಿಮ್ಮುವಾಗ ಮಂಡಿ ಮುಂದಿನ ಫಲಕಕ್ಕೆ ಬಡಿಯುತ್ತದೆ. ಬೆನ್ನು ಬಾಗಿಸಿ ಕೂತಿದ್ದರೆ ಬೆನ್ನೆಲುಬು ಜಜ್ಜಿಹೋಗುತ್ತದೆ. ಚಾಲಕ ಮೂರು ಸಲ ‘ಇಜೆಕ್ಟ್’ ಅನ್ನುವುದರೊಳಗೆ ಬೆನ್ನು, ತಲೆ, ಕಾಲು ಎಲ್ಲಿರಬೇಕೆಂಬುದು ನಮ್ಮ ರೂಢಿಯಲ್ಲಿರಬೇಕು.

ಮೇಲೆ ಹೋಗಿ ಚಾಲಕ ವಿಮಾನವನ್ನು ಓರೆ ಮಾಡಿ ಎಳೆದಾಗ ಸೂಟ್ ಹೊಟ್ಟೆಯನ್ನು ಹಿಂಡಿತು. ಸೆಂಟ್ರಿಫ್ಯೂಜಿನಲ್ಲಿ ಕಲಿತದ್ದನ್ನು ಮಾಡಿದೆ, ದೃಷ್ಟಿ ಉಳಿಯಿತು. ಆದರೆ ಅಲ್ಲಿಗೂ ಇಲ್ಲಿಗೂ ವ್ಯತ್ಯಾಸ ಬಹಳ. ಅಲ್ಲಿ ನಾನು ಬರೀ ಭಾರ ತಾಳಬೇಕಿತ್ತು. ಇಲ್ಲಿ ಚಾಲಕ ಅದೇ ಭಾರದಲ್ಲಿ ಕುತ್ತಿಗೆ ತಿರುಗಿಸಿ ಹಿಂದೆ ನೋಡುತ್ತಾನೆ, ರೇಡಿಯೊದಲ್ಲಿ ಮಾತಾಡುತ್ತಾನೆ, ಇಂಧನದ ಲೆಕ್ಕ ಹಾಕುತ್ತಾನೆ. ಬೀದರಿನ ಏಪ್ರಿಲ್ ಬಿಸಿಲಿನಲ್ಲಿ ಗಾಜಿನ ಮುಚ್ಚಿಗೆಯೊಳಗೆ ಬೆವೆತು ಮೈಯ ನೀರು ಇಳಿದಿರುತ್ತದೆ. ಅದರಿಂದಲೂ ಜಿ ತಾಳುವ ಶಕ್ತಿ ತಗ್ಗುತ್ತದೆ. ಕೆಳಗಿಳಿದು ನಾನು ಮಾಡಿಸಿದ ಮೊದಲ ಕೆಲಸ, ಬೇಸಿಗೆಯ ಸಾರ್ಟಿಗೆ ಮೊದಲು ಕುಡಿಯುವ ನೀರನ್ನು ಬ್ರೀಫಿಂಗ್ ಕೋಣೆಯಲ್ಲೇ ಇಡಿಸಿದ್ದು.

ಕೆಲ ದಿನದ ಮೇಲೆ ಒಬ್ಬ ಹುಡುಗ ರಾತ್ರಿ ಊಟದ ಹೊತ್ತಿಗೆ ನನ್ನ ಪಕ್ಕ ಬಂದು ಕೂತ. “ಸರ್, ನೀವು ಮೇಲೆ ಹೋದಾಗ ಹೊಟ್ಟೆ ತೊಳಸಿತೇ?” ಎಂದ. “ತೊಳಸಿತು. ತಲೆ ಬಗ್ಗಿಸಿ ಮಂಡಿಯ ಮೇಲಿನ ನಕ್ಷೆ ನೋಡಿದಾಗ ಇನ್ನೂ ಜೋರಾಯಿತು” ಎಂದೆ. ಅವನು ಸುಮ್ಮನಾಗಿ, ಆಮೇಲೆ ಹೇಳಿದ: “ನನಗೂ ಆಗ್ಲೇ. ಯಾರಿಗೂ ಹೇಳಿಲ್ಲ.” ತಿರುಗುವ ವಿಮಾನದಲ್ಲಿ ತಲೆ ಬಗ್ಗಿಸಿದರೆ ಒಳಗಿವಿಯ ಮೂರು ನಾಳಗಳಲ್ಲಿ ಎರಡು ಒಟ್ಟಿಗೆ ಸುಳ್ಳು ಹೇಳುತ್ತವೆ, ಕಣ್ಣು ಒಂದು ಹೇಳುತ್ತದೆ, ಕಿವಿ ಇನ್ನೊಂದು. ಹೊಟ್ಟೆ ತೊಳಸುವುದು ಅದರಿಂದ. ಒಂದೇ ಸಮ ತಿರುಗುತ್ತಿದ್ದರೆ ಇಪ್ಪತ್ತು ಸೆಕೆಂಡಿನೊಳಗೆ ಕಿವಿ ‘ನೇರ ಇದ್ದೀಯ’ ಎನ್ನತೊಡಗುತ್ತದೆ. ಮೋಡದೊಳಗೆ ಅದನ್ನು ನಂಬಿದವನು ನೆಲಕ್ಕೆ ಹೋಗುತ್ತಾನೆ. ನಕ್ಷೆಯನ್ನು ಕಣ್ಣ ಮಟ್ಟಕ್ಕೆ ಎತ್ತಿ ನೋಡುವುದು, ತಲೆಯನ್ನು ನಿಧಾನ ಹೊರಳಿಸುವುದು, ಹಾರಾಟದ ಹಿಂದಿನ ರಾತ್ರಿ ನಿದ್ದೆ ಕೆಡಿಸದಿರುವುದು, ಕೆಳಗೆ ತಿರುಗುಕುರ್ಚಿಯಲ್ಲಿ ದಿನಕ್ಕಿಷ್ಟು ಅಭ್ಯಾಸ, ಇಷ್ಟರಲ್ಲೇ ಅವನಿಗೆ ಹಿಡಿತ ಬಂತು. ಬೋಧಕರಿಗೂ ವಿಷಯ ಹೇಳಿಯೇ ಮಾಡಿದೆವು. ಅವನು ಕೋರ್ಸ್ ಮುಗಿಸಿದ. ಆ ರಾತ್ರಿ ಅವನು ಮಾತಾಡದಿದ್ದರೆ ಒಳಗೊಳಗೇ ನುಂಗಿಕೊಂಡು, ಒಂದು ದಿನ ಮೋಡದಲ್ಲಿ ತಲೆ ತಿರುಗಿದಾಗ ಒಬ್ಬನೇ ಇರುತ್ತಿದ್ದ.

ಹೀಗಾಗದಂತೆ ನೋಡಿಕೊಳ್ಳುವುದಕ್ಕೇ ಈ ವೈದ್ಯಶಾಖೆ ಹುಟ್ಟಿದ್ದು. ಮೊದಲ ಮಹಾಯುದ್ಧದ ಬ್ರಿಟಿಷ್ ಲೆಕ್ಕವೊಂದನ್ನು ನಮಗೆ ತರಗತಿಯಲ್ಲಿ ಹೇಳುತ್ತಿದ್ದರು. ಸತ್ತ ನೂರು ಚಾಲಕರಲ್ಲಿ ಶತ್ರುವಿನಿಂದ ಇಬ್ಬರು, ವಿಮಾನದ ದೋಷದಿಂದ ಎಂಟು ಮಂದಿ, ಉಳಿದ ತೊಂಬತ್ತು ಜನ ಚಾಲಕನದೇ ಕೊರತೆಯಿಂದ. ಆ ಕೊರತೆಯಲ್ಲಿ ಬಹುಪಾಲು ದೇಹದ್ದು. ಅಮೆರಿಕದಲ್ಲಿ ಥಿಯೋಡೋರ್ ಲಿಸ್ಟರ್ 1918ರಲ್ಲಿ ವೈದ್ಯರನ್ನು ಚಾಲಕರ ನಡುವೆಯೇ ಇರಲು ಕಳಿಸಿದ್ದು ಇದಕ್ಕೆ. ಅಲ್ಲಿ ಇವತ್ತಿಗೂ ಹಾರಾಟ ಫ್ಲೈಟ್ ಸರ್ಜನ್‌ಗೆ ಕರ್ತವ್ಯದ ಭಾಗ. ಎದೆಗೆ ರೆಕ್ಕೆ ಗುರುತು ಹಾಕಿಕೊಳ್ಳುತ್ತಾರೆ, ಹಾರಾಟ ಭತ್ಯೆಗೆ ತಿಂಗಳಿಗೆ 4 ಗಂಟೆ ಹಾರಬೇಕು. ಅಲ್ಲಿನ ನೌಕಾಪಡೆಯ ವೈದ್ಯರಿಗೆ ಫ್ಲಾರಿಡಾದ ಪೆನ್ಸಕೋಲಾದಲ್ಲಿ ತರಬೇತಿ ವಿಮಾನ ಹಾರಿಸುವುದನ್ನೂ ಕಲಿಸುತ್ತಾರೆ. ಚಾಲಕರೂ ವೈದ್ಯರೂ ಆದವರಿಗೆ ಅಲ್ಲಿನ ವಾಯುಪಡೆಯಲ್ಲಿ ಪ್ರತ್ಯೇಕ ವ್ಯವಸ್ಥೆಯೇ ಇದೆ.

ನಾನು ಕಂಡಂತೆ ನಮ್ಮಲ್ಲಿ ಕಲಿಸುವುದರಲ್ಲಿ ಏನೂ ಕಡಿಮೆ ಇಲ್ಲ. ಬೆಂಗಳೂರಿನ ಆ ಕೋಣೆ, ಆ ಸೆಂಟ್ರಿಫ್ಯೂಜ್ ಯಾವ ದೇಶಕ್ಕೂ ತಲೆ ತಗ್ಗಿಸುವಂಥವಲ್ಲ. ಕಡಿಮೆ ಬೀಳುವುದು ಆಮೇಲೆ. ನೆಲೆಗೆ ಬಂದ ವೈದ್ಯ ಒಪಿಡಿ, ಕುಟುಂಬದವರ ಚಿಕಿತ್ಸೆ, ಅಡುಗೆಮನೆಯ ತಪಾಸಣೆ, ವಾರ್ಷಿಕ ಮೆಡಿಕಲ್‌ಗಳಲ್ಲಿ ಮುಳುಗಿಹೋಗುತ್ತಾನೆ. ನಾನಿದ್ದ ಕಾಲದಲ್ಲಿ ಹಾರಾಟ ಸಿಗುವುದು ಕಮಾಂಡಿಂಗ್ ಆಫೀಸರರ ಮನಸ್ಸು ಮತ್ತು ವೈದ್ಯನ ಬೆನ್ನುಹತ್ತುವಿಕೆಯ ಮೇಲೆ ನಿಂತಿತ್ತು. ನನಗೆ ಸಿಕ್ಕ ಅಧಿಕಾರಿಗಳು ದೊಡ್ಡ ಮನಸ್ಸಿನವರು, ಹಾಗಾಗಿ ಹಾರಿದೆ. ವೈದ್ಯನ ಹಾರಾಟವನ್ನು ಯಾರದೋ ಔದಾರ್ಯಕ್ಕೆ ಬಿಡಬಾರದು. ಸ್ಕ್ವಾಡ್ರನ್ನಿನ ಹಾರಾಟ ಪಟ್ಟಿಯಲ್ಲಿ ಅವನಿಗೂ ತಿಂಗಳಿಗಿಷ್ಟು ಎಂದು ಗೊತ್ತುಪಡಿಸಿದ ಜಾಗ ಇರಬೇಕು. ಅದು ಇಂಧನದ ದುಂದಲ್ಲ, ಮುಂದೆ ಆಗದೆ ಉಳಿಯುವ ಅಪಘಾತದ ಬೆಲೆ.

ಈ ಮಾತನ್ನು ನಾನು ಸುಮ್ಮನೆ ಹೇಳುತ್ತಿಲ್ಲ. 2006ರ ಮಾರ್ಚ್ ಮತ್ತು 2009ರ ಜನವರಿಯಲ್ಲಿ ಸೂರ್ಯಕಿರಣ್ ತಂಡ ಬೀದರಿನ ಬಳಿಯೇ ತನ್ನ ಚಾಲಕರನ್ನು ಕಳೆದುಕೊಂಡಿತು. ಅಪಘಾತವಾದಾಗ ಮೊದಲು ಓಡುವ ಗಾಡಿಯಲ್ಲಿ ವೈದ್ಯ ಇರುತ್ತಾನೆ, ತನಿಖೆಯಲ್ಲೂ ಇರುತ್ತಾನೆ. ಅಲ್ಲಿ ಅವನ ಮುಂದಿರುವುದು ಮುಂಜಾನೆ ಅವನೇ ನಾಡಿ ಹಿಡಿದು ನೋಡಿದ್ದ ಚಾಲಕನ ಕೈ. ವೈದ್ಯ ಎಷ್ಟೇ ಹಾರಿದ್ದರೂ ಎಲ್ಲ ಅಪಘಾತ ತಪ್ಪುವುದಿಲ್ಲ. ಆದರೆ ಕೊನೆಯ ಕೆಲವು ಸೆಕೆಂಡುಗಳಲ್ಲಿ ಆ ದೇಹಕ್ಕೆ ಏನಾಗಿರಬಹುದು ಎಂದು ತನಿಖೆಯಲ್ಲಿ ಹೇಳಬೇಕಾದವನು, ಅಂಥ ಸೆಕೆಂಡುಗಳನ್ನು ಸ್ವಲ್ಪವಾದರೂ ಬಲ್ಲವನಾಗಿರಬೇಕು.

ನೌಕರಿ ಮುಗಿಸಿ ಈಗ ಭಾಲ್ಕಿಯಲ್ಲಿ ದವಾಖಾನೆ ನಡೆಸುತ್ತಿದ್ದೇನೆ. ಕಲಿತ ವಿದ್ಯೆ ಇಲ್ಲೂ ಕೆಲಸಕ್ಕೆ ಬರುತ್ತಿದೆ. 2019ರ ನವೆಂಬರ್‌ನಲ್ಲಿ ಕಲಬುರಗಿಗೆ, 2020ರ ಫೆಬ್ರವರಿಯಲ್ಲಿ ಬೀದರಿಗೆ ನಾಗರಿಕ ವಿಮಾನ ಬಂದ ಮೇಲೆ, ಹೈದರಾಬಾದಿನಿಂದ ಗಲ್ಫಿಗೆ ಹೋಗುವವರು ಹೆಚ್ಚಿದ ಮೇಲೆ, “ಡಾಕ್ಟರ್ ಸಾಬ್, ನಮ್ಮ ಮುತ್ಯಾಗ ದಮ್ಮಿನ ಬ್ಯಾನಿ ಅದ. ವಿಮಾನದಾಗ ಕರ್ಕೊಂಡ್ ಹೋಗ್ಲಾ?” ಎಂದು ಕೇಳುವವರು ಬರುತ್ತಾರೆ. ಪ್ರಯಾಣಿಕರ ವಿಮಾನದೊಳಗಿನ ಗಾಳಿ 8,000 ಅಡಿ ಬೆಟ್ಟದ ಮೇಲಿನ ಗಾಳಿಯಷ್ಟು ತೆಳುವಾಗಬಹುದು. ರಕ್ತ ತೀರ ಕಡಿಮೆ ಇದ್ದವರು, ಈಚೆಗೆ ಹೃದಯಾಘಾತವಾದವರು, ಹೊಟ್ಟೆಯ ಆಪರೇಷನ್ ಆದವರು, ಶ್ವಾಸಕೋಶದ ಕಾಯಿಲೆ ಇರುವವರು ಟಿಕೆಟ್ ತೆಗೆಯುವ ಮೊದಲು ವೈದ್ಯರನ್ನು ಕೇಳಲೇಬೇಕು.

ನಮ್ಮ ಜಿಲ್ಲೆಯ ಮಕ್ಕಳಿಗೆ, ಅವರ ತಾಯಿತಂದೆಯರಿಗೆ ಒಂದು ಮಾತು. ಬೀದರಿನಲ್ಲೇ ಈಗ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಎಂಬಿಬಿಎಸ್ ಆದ ಮಕ್ಕಳು ಯಾವ ಪಿಜಿ ಎಂದು ಯೋಚಿಸುವಾಗ ಏರೋಸ್ಪೇಸ್ ಮೆಡಿಸಿನ್ ಎಂಬ ಎಂಡಿಯೂ ಇದೆ, ಅದನ್ನು ಕಲಿಸುವ ಜಾಗ ನಮ್ಮ ರಾಜ್ಯದ ರಾಜಧಾನಿಯಲ್ಲೇ ಇದೆ ಎನ್ನುವುದು ಗೊತ್ತಿರಲಿ. ಹೆಣ್ಣುಮಕ್ಕಳಿಗೂ ಆ ಬಾಗಿಲು ತೆರೆದಿದೆ. ಈ ಶಾಖೆಯಲ್ಲಿ ತಜ್ಞೆಯಾದ ದೇಶದ ಮೊದಲ ಮಹಿಳೆ ಪದ್ಮಾವತಿ ಬಂದೋಪಾಧ್ಯಾಯ ಏರ್ ಮಾರ್ಷಲ್ ಹುದ್ದೆಯವರೆಗೆ ಏರಿದವರು. 2020ರ ಫೆಬ್ರವರಿಯಲ್ಲಿ ವುಹಾನಿನಿಂದ 112 ಜನರನ್ನು ಸಿ-17 ವಿಮಾನ ಹೊತ್ತು ತಂದಾಗ ಒಳಗೆ ವೈದ್ಯಕೀಯ ತಂಡವೂ ಇತ್ತು. ಗಗನಯಾನದ ಯಾತ್ರಿಗಳನ್ನು ನೋಡಿಕೊಳ್ಳುವ ಫ್ಲೈಟ್ ಸರ್ಜನ್‌ಗಳನ್ನು ನಮ್ಮ ವಾಯುಪಡೆಯೇ ಕೊಡುತ್ತಿದೆ. ಈ ಕೆಲಸಕ್ಕೆ ಮುಂದಿನ ವರ್ಷಗಳಲ್ಲಿ ಇನ್ನೂ ಹೆಚ್ಚು ಜನ ಬೇಕು. ಎಕಂಬಾ, ಔರಾದ್, ಭಾಲ್ಕಿಯ ಮಕ್ಕಳು ಅದಕ್ಕೆ ಅರ್ಜಿ ಹಾಕಲಿ. ದಾರಿ ಹೇಗೆ, ಪರೀಕ್ಷೆ ಏನು ಎಂದು ಕೇಳಲು ಬಂದವರಿಗೆ ನನ್ನ ದವಾಖಾನೆಯಲ್ಲಿ ಯಾವತ್ತೂ ಫೀಸ್ ಇಲ್ಲ.